ದೊಣೆಯ ಕೆಂಪು ಸೂಜಿ

ಅತ್ತೆಯವರ ಕಣ್ಣಿನ ಪೊರೆ ತೆಗೆಸುವ ಮುಂಚೆ ನಾನೊಂದು ಹರಕೆ ಹೊತ್ತಿದ್ದೆ. ಕಣ್ಣು ಸರಿಹೋದರೆ, ಹೊಳವನಹಳ್ಳಿ ಕಡೆಯ ನಮ್ಮ ಗುಡ್ಡದ ದೊಣೆಯನ್ನು ಒಂದೆಳೆ ಜೊಂಡೂ ಉಳಿಯದಂತೆ ನನ್ನ ಕೈಯಾರೆ ಚೊಕ್ಕಟ ಮಾಡುತ್ತೇನೆ ಅಂತ. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತ ಪುಟ್ಟ ಕೊಳ ಅದು. ಮೇಲಿನ ಗುಡಿಯ ಆಂಜನೇಯನ ಅಭಿಷೇಕಕ್ಕೆ ಅದೇ ನೀರು.

ಕಣ್ಣು ಸರಿಹೋಯಿತು. ಪಟ್ಟಿ ಬಿಚ್ಚಿದ ದಿನ ಅತ್ತೆ ನನ್ನ ಮುಖ ದಿಟ್ಟಿಸಿ, "ನೀನೂ ಮುದುಕಿ ಆಗ್ಬುಟ್ಟಿದ್ದೀಯಲ್ಲೇ" ಅಂದರು. ಅದನ್ನೂ ದೇವರ ದಯೆ ಅಂತಲೇ ಅಂದುಕೊಂಡೆ.

ಮೂರು ತಿಂಗಳು ಕಳೆದ ಮೇಲೆ, ಒಂದು ಶನಿವಾರ ಬೆಳಿಗ್ಗೆ, ಅತ್ತೆ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಮಗಳು, ನಾನು ಗುಡ್ಡ ಹತ್ತಿದೆವು. ಸೆರಗು ಸಿಕ್ಕಿಸಿ ಮೊಣಕಾಲುದ್ದ ನೀರಿಗಿಳಿದೆ. ಅರ್ಧ ಜೊಂಡು ಕಿತ್ತು ಬಂಡೆಗೆ ಎಸೆದಿದ್ದೆ, ದಡದಲ್ಲಿ ಕೂತಿದ್ದ ಅತ್ತೆ ಕೂಗಿದರು.

"ಲೇ, ನಿಲ್ಸೇ! ಅಲ್ಲಿ ಸೂಜಿ ಹಾರ್ತಾ ಐತೆ!"

ನನಗೇನೂ ಕಾಣಲಿಲ್ಲ. ಉಸಿರು ಬಿಗಿಹಿಡಿದು ಬಗ್ಗಿದಾಗ ಕಂಡಿತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ದಾರದಷ್ಟು ಸಣ್ಣ. ಕಪ್ಪು ಬೆನ್ನಿನ ಮೇಲೆ ಹಸಿರು ಗೀಟು, ಬಾಲದ ತುದಿಗೆ ಇಟ್ಟಿಗೆ ಕೆಂಪು. ಪಕ್ಕದ ಕಡ್ಡಿಯ ಮೇಲೆ ಮೈಯೆಲ್ಲಾ ಕೆಂಪಾದ ಇನ್ನೊಂದು. ಇಷ್ಟು ವರ್ಷ ಇಲ್ಲಿಂದ ನೀರು ಹೊತ್ತವಳು ನಾನು, ಇವನ್ನು ಒಂದು ದಿನವೂ ನೋಡಿರಲಿಲ್ಲ.

"ಇವು ಎರಡು ಜಾತಿನೇನೇ?" ಅಂತ ಮಗಳನ್ನು ಕೇಳಿದೆ.

ಅವಳು ಫೋಟೋ ತೆಗೆದು, ಮೊಬೈಲಿನಲ್ಲಿದ್ದ ಚಿತ್ರಗಳ ಜೊತೆ ಹೋಲಿಸಿ ನೋಡಿದಳು. "ಇಲ್ಲಮ್ಮ, ಒಂದೇ. ಏರೋಪ್ಲೇನ್ ಚಿಟ್ಟೆ ಬಳಗದ್ದೇ, ಆದ್ರೆ ಇದು ಕೂತಾಗ ರೆಕ್ಕೆ ಮಡಚ್ಕೊಳ್ಳುತ್ತೆ. ಬಾಲದ ತುದಿ ಮಾತ್ರ ಕೆಂಪಿರೋದು ಗಂಡು. ಪೂರ್ತಿ ಕೆಂಪಿರೋದು ಎಳೇ ಹೆಣ್ಣು, ಬಲಿತ ಮೇಲೆ ಹಸಿರಾಗುತ್ತೆ."

"ಸೀರೆ ಬದ್ಲಾಯ್ಸುತ್ತೆ ಅನ್ನು" ಎಂದು ಅತ್ತೆ ನಕ್ಕರು.

ಇಷ್ಟು ಚಿಕ್ಕ ಜೀವಕ್ಕೂ ಎರಡೆರಡು ಬಣ್ಣ ಕೊಟ್ಟಿದ್ದಾನಲ್ಲ ಭಗವಂತ!

ಅಷ್ಟರಲ್ಲಿ ಮಗಳ ಮುಖ ಸಪ್ಪಗಾಯಿತು. "ಅಮ್ಮ, ಇವು ಮೊಟ್ಟೆ ಇಡೋದು ಜೊಂಡಿನ ದಂಟಿನೊಳಗೇ. ಮರಿ ಬೆಳೆಯೋದೂ ನೀರಲ್ಲಿ, ಆ ಜೊಂಡಿನ ನಡುವೇ."

ನಾನು ಕಿತ್ತೆಸೆದ ರಾಶಿಯನ್ನು ಕೆದಕಿದಳು. ಬಾಲದಲ್ಲಿ ಮೂರು ಗರಿಯಿರುವ ಹುಳಗಳು ಬಿಸಿಯೇರುತ್ತಿದ್ದ ಬಂಡೆಯ ಮೇಲೆ ಹೊರಳುತ್ತಿದ್ದವು.

ನೀರಲ್ಲೇ ನಿಂತುಬಿಟ್ಟೆ. ಒಂದೆಳೆಯೂ ಉಳಿಸುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಹರಕೆ ಅರ್ಧಕ್ಕೆ ಬಿಟ್ಟರೆ ಅತ್ತೆಯವರ ಕಣ್ಣಿಗೇ ಏನಾದರೂ ಆದರೆ?

"ಏನೇ ಕಂಬ ನಿಂತಂಗೆ ನಿಂತೆ?"

"ಹರಕೆ ಅತ್ತೆ... ನಿಮ್ಮ ಕಣ್ಣು..."

"ಕಣ್ಣು ನಂದು ಕಣಮ್ಮ. ಏನಾರ ಆದ್ರೆ ನಂಗೇ ಆಗ್ಲಿ. ನೋಡ್ಲಿ ಅಂತ ಕಣ್ಣು ಕೊಟ್ಟೋನು, ನೋಡಿದ್ದನ್ನ ಸಾಯ್ಸು ಅಂತಾನಾ? ಹಾಕು, ಹಾಕು ನೀರಿಗೆ!"

ಆಂಜನೇಯನಿಗೆ ಮನಸ್ಸಿನಲ್ಲೇ ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡು, ಕಿತ್ತಿದ್ದನ್ನೆಲ್ಲ ಹಿಡಿಹಿಡಿಯಾಗಿ ನೀರಿಗೆ ಬಿಟ್ಟೆ. ಮಗಳು ತಳದಲ್ಲಿದ್ದ ಪ್ಲಾಸ್ಟಿಕ್ ಕವರು, ಕರ್ಪೂರದ ಡಬ್ಬಿ ಎತ್ತಿ ಚೀಲಕ್ಕೆ ತುಂಬಿದಳು. ಅತ್ತೆ ಬಂಡೆಯ ಮೇಲೆ ಮೊಣಕಾಲೂರಿ, ಉಳಿದಿದ್ದ ಮರಿಗಳನ್ನು ಒಂದೊಂದಾಗಿ ಹುಡುಕಿ ಎಲೆಯ ಮೇಲೆ ಎತ್ತಿ ಕೊಡುತ್ತಿದ್ದರು. ನನ್ನ ಕಣ್ಣಿಗೆ ಒಂದೂ ಬೀಳುತ್ತಿರಲಿಲ್ಲ. ಅವರು ಕೊಟ್ಟ ಎಲೆಯನ್ನು ನೀರಿನಲ್ಲಿ ಅದ್ದುತ್ತಾ ಹೋದೆ.