ಬ್ಯಾಂಡಿಲ್ಲದ ಹದಿನೇಳು ಹೆಜ್ಜೆ

ಆ ಗಣರಾಜ್ಯ ದಿನ ಗೋಕಾಕಿನ ಮೈದಾನದಲ್ಲಿ ಬ್ಯಾಂಡು ನಿಂತುಹೋದದ್ದು ನನ್ನಿಂದ. ಲಗಮಣ್ಣ ಕಾಕಾನಿಂದ ಅಲ್ಲ.

ಹನ್ನೊಂದು ವರ್ಷದ ಹಿಂದೆ ನಾನೇ ಬರೆದ ಸುದ್ದಿಯಲ್ಲಿ ಅವರಿಂದ ಎಂದಿದೆ. ಅದನ್ನು ನಂಬಿದವರು ಇನ್ನೂ ಇದ್ದಾರೆ. ನಂಬಿಕೊಂಡೇ ತೀರಿಹೋದವರೂ ಇದ್ದಾರೆ. ಮೊದಲಿನ ಎರಡು ವಾಕ್ಯ ಬರೆಯಲು ನನಗೆ ಒಂದು ನಿಮಿಷ ಹಿಡಿಯಿತು. ಹನ್ನೊಂದು ವರ್ಷ ಯಾಕೆ ಹಿಡಿಯಿತು ಎಂದು ಕೇಳಿದರೆ — ಇರಲಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನನಗೆ ಬರುವುದು ಅಷ್ಟೇ.

ಲಗಮಣ್ಣ ಕಾಕಾ ನನಗೆ ಸಂಬಂಧಿಕರಲ್ಲ. ನಮ್ಮದು ಮೂಡಲಗಿಯ ಜೈನರ ಮನೆ, ಬಟ್ಟೆ ಅಂಗಡಿ. ಅವರದು ಹುಕ್ಕೇರಿಯ ಬೌದ್ಧ ಕುಟುಂಬ. ಅವರ ತಂದೆ ಊರಿನ ಹಲಗಿ ಬಾರಿಸುತ್ತಿದ್ದವರು. ಕಾಕಾ ಸೈನ್ಯ ಸೇರಿ, ಅಲ್ಲಿಯ ಬ್ಯಾಂಡಿನಲ್ಲಿ ಇಪ್ಪತ್ತನಾಲ್ಕು ವರ್ಷ ಕ್ಲಾರಿನೆಟ್ ನುಡಿಸಿ ಊರಿಗೆ ಬಂದಿದ್ದರು. ನಾನು ಗೋಕಾಕಿನಲ್ಲಿ ವರದಿಗಾರನಾಗಿ ಸೇರಿದ ಹೊಸತು. ಒಂದು ಬೆಳಿಗ್ಗೆ ಘಟಪ್ರಭಾ ಸ್ಟೇಷನ್ನಿನಲ್ಲಿ ಬೆಳಗಾವಿ ರೈಲಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖ ಕಾಣುವಷ್ಟು ಪಾಲಿಶ್ ಮಾಡಿದ ಬೂಟು.

"ಮದವಿಗೇನ್ರಿ ಕಾಕಾ?" ಅಂತ ಕೇಳಿದೆ.

"ಇಲ್ಲೋ ತಮ್ಮಾ. ಬ್ಯಾಂಡ್ ನೋಡಾಕ."

"ನೋಡಾಕ?"

"ಹೂಂ. ಕೇಳಾಕ ಮನ್ಯಾಗ ರೇಡಿಯೊ ಐತಿ."

ಆವತ್ತು ಅವರ ಜೊತೆಗೇ ಬೆಳಗಾವಿಯ ಸೈನ್ಯದ ಮೈದಾನಕ್ಕೆ ಹೋದೆ. ತರಬೇತಿ ಮುಗಿಸಿದ ಹೊಸ ಸೈನಿಕರು ಪ್ರತಿಜ್ಞೆ ತೆಗೆದುಕೊಳ್ಳುವ ಕವಾಯತು. ಸೈನ್ಯದವರು ಅದನ್ನು ಕಸಮ್ ಪರೇಡ್ ಅನ್ನುತ್ತಾರೆ. ಸಂಬಂಧಿಕರಿಗೆಂದು ಹಾಕಿದ ಕುರ್ಚಿಗಳ ಕೊನೆಯಲ್ಲಿ ನಮಗೂ ಜಾಗ ಸಿಕ್ಕಿತು. ಎಲ್ಲರೂ ತಮ್ಮ ಮಗನನ್ನು ಹುಡುಕುತ್ತಿದ್ದರು. ಕಾಕಾ ಬ್ಯಾಂಡಿನ ಮುಂದೆ ಒಬ್ಬನೇ ನಡೆಯುವ ಮನುಷ್ಯನನ್ನು ತೋರಿಸಿದರು. ಅವನೇ ಡ್ರಮ್ ಮೇಜರ್. ಕೈಯಲ್ಲಿ ಆಳೆತ್ತರದ ದಂಡ, ಅದರ ತುದಿಗೆ ಬೆಳ್ಳಿಯ ಗುಂಡು. "ಇಷ್ಟು ಸಪ್ಪಳದಾಗ ಬಾಯಿಲೆ ಹೇಳಿದ್ದು ಯಾರಿಗೂ ಕೇಳಂಗಿಲ್ಲ," ಅಂದರು. "ಕೋಲಿನ ಮ್ಯಾಲ ಕಣ್ಣಿಟ್ಟಿರತಾರ ಎಲ್ಲಾರೂ. ಕೋಲು ತಲಿ ಮ್ಯಾಲ ನೆಟ್ಟಗ ಹೋತಂದ್ರ ಎಲ್ಲಾ ಬಂದ್. ಯಾಕ, ಏನು ಅಂತ ಕೇಳಂಗಿಲ್ಲ."

ಅವರು ಹೇಳಿ ಮುಗಿಸುವಷ್ಟರಲ್ಲಿ ಅಲ್ಲಿ ದಂಡ ಮೇಲೆ ಹೋಯಿತು. ದೊಡ್ಡ ಡ್ರಮ್ಮಿನ ಮೇಲೆ ಎರಡು ಪೆಟ್ಟು. ನಲವತ್ತು ಮಂದಿಯ ವಾದ್ಯ ಒಂದೇ ಉಸಿರಿಗೆ ನಿಂತಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ದಂಡ ಮೇಲೆತ್ತಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಾಗಿದ್ದರೆ ನನ್ನ ತಪ್ಪಿನ ತೂಕ ಅರ್ಧ ಇಳಿಯುತ್ತಿತ್ತು.

ಆಮೇಲೆ ಎಷ್ಟೋ ಸಲ ಹೋದೆವು. ರೈಲಿನಲ್ಲಿ ನನ್ನನ್ನು ರೇಗಿಸುತ್ತಿದ್ದರು — "ನಿಮ್ಮ ಪೇಪರ್‌ದಾಗ ಬರೇ ಸಾಹೇಬರ ಮಾರಿ ಬರತಾವು. ಪರೇಡ್ ಇರೋದು ಕಾಲಾಗ ನೋಡಪಾ. ಒಬ್ಬರದಾದ್ರೂ ಕಾಲು ಹಾಕೀರೇನು?" ಒಮ್ಮೆ ಮಾತ್ರ, ನಾನು ಕೇಳದೆಯೇ, ತಂದೆಯ ಬಗ್ಗೆ ಹೇಳಿದರು. "ನಮ್ಮಪ್ಪ ಬಾರಸೋ ಮುಂದ ಊರ ಮಂದಿ ಕಟ್ಟಿ ಮ್ಯಾಲ ಕುಂತು ಕೇಳತಿದ್ರು. ಅಂವ ಬಿಸಲಾಗ ನಿಂದ್ರತಿದ್ದ. ನಾ ಊದೋ ಮುಂದ ಜನರಲ್ ಸಾಹೇಬ ನಿಂತಿರತಿದ್ದ, ಸಲ್ಯೂಟ್ ಹೊಡಕೋತ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯ ನಿವೃತ್ತ ಸೈನಿಕರು ಸೇರಿ ಒಂದು ಬ್ಯಾಂಡು ಕಟ್ಟಿದಾಗ ಮುಂದೆ ನಿಲ್ಲಲು ಎಲ್ಲರೂ ಆರಿಸಿದ್ದು ಕಾಕಾನನ್ನು. ಹದಿನಾಲ್ಕು ಮಂದಿ. ಎರಡು ವರ್ಷ ಅಭ್ಯಾಸ ಮಾಡಿ ಆ ಗಣರಾಜ್ಯ ದಿನ ಮೊದಲ ಸಲ ತಾಲೂಕಿನ ಕವಾಯತಿಗೆ ನುಡಿಸಲು ಒಪ್ಪಿಗೆ ಸಿಕ್ಕಿತ್ತು. ಹಿಂದಿನ ದಿನ ಕಾಕಾ ನನ್ನ ಕಚೇರಿಗೆ ಬಂದರು. ಏನೋ ಕೇಳುವುದಿತ್ತು, ಕೇಳಲು ನಾಚಿಕೆ.

"ಇಪ್ಪತ್ನಾಲ್ಕು ವರ್ಷದಾಗ ನನ್ನವು ಎಲ್ಲಾ ಮೂರನೇ ಸಾಲಿನ ಫೋಟೊ. ಟೊಪ್ಪಿಗಿ ಅಷ್ಟ ಕಾಣತೈತಿ. ಮುಂದ ನಿಂತದ್ದು ಒಂದ್ ತಗಿ ತಮ್ಮಾ. ಮನ್ಯಾಗ ಹಾಕಾಕ."

"ತಗೀತೇನ್ರಿ ಕಾಕಾ. ಮೊದಲನೇ ಪೇಜಿಗೆ ಕಳಸ್ತೇನಿ," ಎಂದೆ. ನಕ್ಕರು.

ಮರುದಿನ ಬೆಳಿಗ್ಗೆ ಒಂಬತ್ತು ಗಂಟೆ. ಧ್ವಜಾರೋಹಣವಾಗಿ, ಮುಖ್ಯ ಅತಿಥಿಗಳು ಸಾಲಾಗಿ ನಿಂತ ತುಕಡಿಗಳ ಮುಂದೆ ನಡೆದು ಪರಿವೀಕ್ಷಣೆ ಮಾಡುತ್ತಿದ್ದರು. ಅವರು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವರೆಗೂ ಬ್ಯಾಂಡು ನುಡಿಯುತ್ತಿರಬೇಕು. ಕಾಕಾ ಬ್ಯಾಂಡಿನ ಮುಂದೆ, ಕೆಂಪು ಪಟ್ಟಿ ಹಾಕಿಕೊಂಡು, ದಂಡವನ್ನು ಎದೆಗೆ ಓರೆಯಾಗಿ ಹಿಡಿದು ನಿಂತಿದ್ದರು. ನಾನು ಅವರ ಎದುರು ಮಂಡಿಯೂರಿ ಕೂತು ಕ್ಯಾಮೆರಾ ಹಿಡಿದಿದ್ದೆ. ಬೆಳ್ಳಿಯ ಗುಂಡು ಸರಿಯಾಗಿ ಅವರ ಮುಖಕ್ಕೆ ಅಡ್ಡ ಬಂದಿತ್ತು.

ಎರಡು ಹೆಜ್ಜೆ ಬಲಕ್ಕೆ ಸರಿದಿದ್ದರೆ ಸಾಕಾಗುತ್ತಿತ್ತು. ಆದರೆ ಕೂತಲ್ಲಿಂದ ಏಳಬೇಕಿತ್ತು — ಬೆಳಿಗ್ಗೆ ಆರರಿಂದ ಓಡಾಡಿದ್ದೆ — ಏಳಲಿಲ್ಲ. ಹನ್ನೊಂದು ವರ್ಷ ಹುಡುಕಿದ್ದೇನೆ, ಇದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ.

"ಕಾಕಾ, ಗುಂಡು ಮುಖಕ್ಕ ಅಡ್ಡ ಬಂದೈತ್ರಿ. ಸ್ವಲ್ಪ ಮ್ಯಾಲ ಎತ್ರಿ," ಎಂದು ಹತ್ತಿರದಿಂದಲೇ ಕೂಗಿದೆ.

ಅವರು ನನ್ನ ಕಡೆ ನೋಡಿದರು. ಎತ್ತಿದರು.

ಬಹುಶಃ ನಾಲ್ಕು ಬೆರಳಷ್ಟು ಎತ್ತುವ ಮನಸ್ಸಿತ್ತು. ಆದರೆ ಅಷ್ಟು ವರ್ಷ ದಂಡ ಒಂದೇ ರೀತಿ ಮೇಲೆ ಹೋಗುವುದನ್ನು ಕಂಡವರ ಕೈ — ನೆಟ್ಟಗೆ ತಲೆಯ ಮೇಲೆ ಹೋಯಿತು. ನಾನು ಕ್ಲಿಕ್ಕಿಸಿದೆ. ಅವರ ಹಿಂದೆ ಡ್ರಮ್ಮಿನ ಮೇಲೆ ಎರಡು ಪೆಟ್ಟು ಬಿತ್ತು. ಬ್ಯಾಂಡು ನಿಂತಿತು. ಯಾಕೆ, ಏನು ಎಂದು ಯಾರೂ ಕೇಳಲಿಲ್ಲ, ಕೇಳುವ ಹಾಗಿರಲಿಲ್ಲ.

ಮುಖ್ಯ ಅತಿಥಿಗಳು ಮೈದಾನದ ನಡುವೆ ಇದ್ದರು. ವಾದ್ಯವಿಲ್ಲದೆ ಅವರು ಹದಿನೇಳು ಹೆಜ್ಜೆ ನಡೆದರು. ಎಣಿಸಿದ್ದೇನೆ. ಎಣಿಸುವುದು ನನ್ನ ಅಭ್ಯಾಸ. ಅವರ ಬೂಟಿನ ಸಪ್ಪಳ ಮೈದಾನಕ್ಕೆಲ್ಲ ಕೇಳಿಸಿತು. ಯಾರೋ ನಕ್ಕದ್ದೂ ಕೇಳಿಸಿತು. ಹದಿನೆಂಟನೆಯ ಹೆಜ್ಜೆಗೆ ಕಾಕಾ ದಂಡ ಇಳಿಸಿ ಮತ್ತೆ ನುಡಿಸಿದರು. ಅವರ ಮುಖ ಬೆವರಿತ್ತು. ನನ್ನ ಕಡೆ ಮತ್ತೆ ನೋಡಲಿಲ್ಲ.

ಇಲ್ಲಿಯವರೆಗಿನದನ್ನು ತಪ್ಪು ಅನ್ನಬಹುದು. ಮುಂದಿನದಕ್ಕೆ ಬೇರೆ ಹೆಸರು ಬೇಕು.

ಗಣರಾಜ್ಯ ದಿನ ಪತ್ರಿಕೆಗೆ ರಜೆ, ಮರುದಿನ ಸಂಚಿಕೆ ಇರುವುದಿಲ್ಲ. ಆದ್ದರಿಂದ ಅವಸರದಲ್ಲಿ ಬರೆದೆ ಎನ್ನುವ ನೆಪವೂ ನನಗಿಲ್ಲ. ಒಂದು ಇಡೀ ದಿನ ಮೇಜಿನ ಮುಂದೆ ಕೂತಿದ್ದೆ. ನಾನು ಬರೆದ ವಾಕ್ಯ ಇದು: "ಪರಿವೀಕ್ಷಣೆ ವೇಳೆ ಬ್ಯಾಂಡ್ ತಂಡದ ಮುಖ್ಯಸ್ಥರ ಗಮನ ತಪ್ಪಿದ್ದರಿಂದ ಕೆಲಕಾಲ ವಾದ್ಯ ಸ್ಥಗಿತಗೊಂಡು ಮುಜುಗರ ಉಂಟಾಯಿತು." ವರದಿಗಾರ ಸುದ್ದಿಯೊಳಗೆ ಬರಬಾರದು ಎಂಬುದು ಸುದ್ದಿ ತಿದ್ದುವ ನಮ್ಮ ಡೆಸ್ಕಿನ ಮೊದಲ ನಿಯಮ. ಒಳ್ಳೆಯ ನಿಯಮ. ಆ ದಿನ ಅದರ ಹಿಂದೆ ಅಡಗಿ ಕೂತೆ.

ಸುದ್ದಿ ಬಂದ ಮಧ್ಯಾಹ್ನ ಕಾಕಾ ಬಂದರು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದರು. ಕೂರಲಿಲ್ಲ.

"ನೀ ಹೇಳಿದ್ದಕ್ಕ ಎತ್ತಿದೆ ಅಂತ ಬರಿ ಅನ್ನಾಂಗಿಲ್ಲ ತಮ್ಮಾ. ಕೈ ನಂದು. ಖರೆ, ಗಮನ ತಪ್ಪಿತು ಅಂತ ಬರದಿಯಲ್ಲ, ಅದೊಂದು ತಗಿ. ಗಮನ ತಪ್ಪಿಲ್ಲ ನಂದು. ನಿನ್ನ ಮ್ಯಾಲ ಇತ್ತು."

ಅಚ್ಚಾದದ್ದನ್ನು ತೆಗೆಯಲು ಬರುವುದಿಲ್ಲ ಅಂದೆ. ತಿದ್ದುಪಡಿ ಹಾಕಲು ಬರುತ್ತದೆ, ಅದನ್ನು ಹೇಳಲಿಲ್ಲ.

ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟರು. "ಆತು. ಫೋಟೊ ಆದ್ರೂ ಕೊಡು."

ಫೋಟೊ ಕಂಪ್ಯೂಟರಿನಲ್ಲಿತ್ತು. ಬಹಳ ಚೆನ್ನಾಗಿ ಬಂದಿತ್ತು. ದಂಡ ಮೇಲಿದೆ, ಮುಖದ ಮೇಲೆ ಎಳೆಬಿಸಿಲು, ಕಣ್ಣು ನೇರವಾಗಿ ಕ್ಯಾಮೆರಾದ ಕಡೆ — ಯಾರು ನೋಡಿದರೂ ತಿಳಿಯುತ್ತಿತ್ತು, ಈ ಮನುಷ್ಯ ದಂಡ ಎತ್ತಿದ್ದು ಯಾರಿಗಾಗಿ ಎಂದು.

"ಅದು ಬರಲಿಲ್ರಿ ಕಾಕಾ. ಅಲುಗಾಡೇತಿ."

"ಆತು ಬಿಡು," ಅಂದು ಹೋದರು.

ನನ್ನ ಒಂದು ವಾಕ್ಯ ಊರಿನಲ್ಲಿ ಬೆಳೆಯಿತು. ಗಮನ ತಪ್ಪಿತ್ತಂತೆ ಎಂಬುದು ಒಂದು ವಾರದಲ್ಲಿ ಕುಡಿದು ಬಂದಿದ್ದನಂತೆ ಎಂದಾಯಿತು. ಕಾಕಾ ಜೀವಮಾನದಲ್ಲಿ ಕುಡಿದವರಲ್ಲ. ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಒಬ್ಬ ಪರಿಚಯಸ್ಥ ನನ್ನ ಹೆಗಲ ಮೇಲೆ ಕೈ ಹಾಕಿ, "ಹಲಗಿ ಬಾರಸೋರ ಕೈಯಾಗ ಬೆಳ್ಳಿ ಕೋಲು ಕೊಟ್ರ ಮತ್ತೇನ್ ಆಕ್ಕೈತ್ರಿ? ಚಲೋ ಬರದ್ರಿ ಬಿಡ್ರಿ," ಎಂದ. ನಾನು ಚಹಾ ಕುಡಿದು ಮುಗಿಸಿದೆ. ಜನ ಅಷ್ಟು ಬೇಗ ಯಾಕೆ ನಂಬಿದರು ಎಂದು ನನಗೆ ಆಗಲೇ ಗೊತ್ತಿತ್ತು. ಬರೆಯುವಾಗಲೂ ಗೊತ್ತಿತ್ತೇ? ಈ ಪ್ರಶ್ನೆಯನ್ನು ಇಟ್ಟುಕೊಂಡು ಬಹಳ ಸಲ ಕೂತಿದ್ದೇನೆ. ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಲಾರೆ.

ಬ್ಯಾಂಡಿನವರು ಕೂತು ಮಾತಾಡಿ ಮುಂದಿನ ಆಗಸ್ಟಿಗೆ ಬೇರೆಯವರನ್ನು ಮುಂದೆ ನಿಲ್ಲಿಸಿದರು. ಕಾಕಾ ಬ್ಯಾಂಡು ಬಿಡಲಿಲ್ಲ. ಕ್ಲಾರಿನೆಟ್ ತೆಗೆದುಕೊಂಡು ಹಿಂದಿನ ಸಾಲಿಗೆ ಹೋದರು. ಉಸಿರು ಸಾಲದೆ ಬಿಡುವವರೆಗೆ ನಾಲ್ಕು ವರ್ಷ ಅಲ್ಲೇ ನಿಂತರು. ಪ್ರತಿ ವರ್ಷ ನಾನು ಆ ಬ್ಯಾಂಡಿನ ಫೋಟೊ ತೆಗೆದೆ. ಎಲ್ಲದರಲ್ಲೂ ಅವರ ಟೊಪ್ಪಿಗೆ ಕಾಣುತ್ತದೆ.

ಈ ನಡುವೆ ನನ್ನ ಕಂಪ್ಯೂಟರ್ ಮೂರು ಸಲ ಬದಲಾಯಿತು. ಬೇಡದ ಕಡತಗಳನ್ನೆಲ್ಲ ಅಳಿಸಿದೆ. ಆ ಒಂದು ಫೋಟೊವನ್ನು ಮೂರು ಸಲವೂ ಹೊಸದಕ್ಕೆ ಸಾಗಿಸಿದೆ. ತೆರೆದು ನೋಡುತ್ತಿರಲಿಲ್ಲ. ಅಳಿಸಲೂ ಇಲ್ಲ.

ಈ ವರ್ಷದ ಗಣರಾಜ್ಯ ದಿನ ಬ್ಯಾಂಡು ಇರಲಿಲ್ಲ. ಕೆಲವರಿಗೆ ವಯಸ್ಸಾಗಿ, ಕೆಲವರು ಸತ್ತು, ತಂಡ ಕರಗಿಹೋಗಿದೆ. ಸ್ಪೀಕರಿನಲ್ಲಿ ಕವಾಯತಿನ ಹಾಡು ಹಾಕಿದರು. ಅತಿಥಿಗಳು ಆ ತುದಿ ಮುಟ್ಟಿ, ವೇದಿಕೆ ಹತ್ತಿ, ಕೂತ ಮೇಲೂ ಅದು ನುಡಿಯುತ್ತಲೇ ಇತ್ತು. ನಿಲ್ಲಿಸು ಎಂದು ಹೇಳುವವರು ಯಾರೂ ಇರಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿ ಹೊರಟೆ.

ಆ ವಾರವೇ ಫೋಟೊ ಪ್ರಿಂಟ್ ಹಾಕಿಸಿಕೊಂಡು ಹುಕ್ಕೇರಿ ಬಸ್ಸು ಹತ್ತಿದೆ. ಕಾಕಾ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಹಳ ಇಳಿದಿದ್ದಾರೆ. ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು. ಲಕೋಟೆ ಕೊಟ್ಟೆ. ತೆಗೆದು ದೂರ ಹಿಡಿದು ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ಬಂದೈತಲ್ಲೋ."

"ಸುಳ್ಳು ಹೇಳಿದ್ದೆ ಕಾಕಾ."

"ಗೊತ್ತಿತ್ತು. ನಿನ್ನ ಕೈ ಅಲುಗಾಡಾಂಗಿಲ್ಲ."

ಎಲ್ಲ ಹೇಳಿದೆ. ತಿದ್ದುಪಡಿ ಹಾಕಲು ಬರುತ್ತಿತ್ತು ಎಂಬುದನ್ನು, ಚಹಾದ ಅಂಗಡಿಯ ಮಾತನ್ನು, ಎಲ್ಲವನ್ನೂ. ಕೇಳಿದರು. ಸಿಟ್ಟಾಗಲಿಲ್ಲ, ಸಮಾಧಾನವೂ ಹೇಳಲಿಲ್ಲ. ನನ್ನ ಮಾತು ಮುಗಿದ ಮೇಲೆ ಬಹಳ ದಣಿದವರ ಹಾಗೆ ಕೇಳಿದರು:

"ಇದನ್ನ ನನಗ ಯಾಕ ಹೇಳಾಕತ್ತಿ? ನಾ ಅಲ್ಲೇ ಇದ್ದೆ. ಹದಿನಾಲ್ಕರಾಗ ಐದು ಮಂದಿ ಹೋದ್ರು ತಮ್ಮಾ. ಹಂಗ ತಿಳಕೊಂಡ ಹೋದ್ರು. ಇರೋರಿಗೆ ಹೇಳು. ಪೇಪರ್ ಓದಿದವರಿಗೆ ಹೇಳು."

ಫೋಟೊವನ್ನು ಲಕೋಟೆಗೆ ಹಾಕಿ ನನ್ನ ಕೈಗೇ ಕೊಟ್ಟರು. "ಮೊದಲ ಅಲ್ಲಿ ಹಾಕು. ಆಮ್ಯಾಲ ಮನ್ಯಾಗ ಹಾಕೂಣು."

ಈ ಬರಹದ ಜೊತೆ ಆ ಫೋಟೊ ಕಳಿಸುತ್ತಿದ್ದೇನೆ. ಅಚ್ಚಾದ ಮೇಲೆ, ಕಾಕಾನನ್ನು ಬಿಟ್ಟು ಬ್ಯಾಂಡಿನಲ್ಲಿ ಉಳಿದ ಎಂಟು ಮಂದಿಯ ಮನೆಗೆ ನಾನೇ ಒಯ್ದು ಕೊಡುತ್ತೇನೆ, ಹೋದ ಐವರ ಮನೆಗೂ. ಚಹಾದ ಅಂಗಡಿಗೂ ಹೋಗಬೇಕು. ಹುಕ್ಕೇರಿಗೆ, ಕಾಕಾನ ಮನೆಗೆ, ಕೊನೆಗೆ. ಡೆಸ್ಕಿನವರಲ್ಲಿ ಒಂದೇ ಕೋರಿಕೆ — ಅಡಿಬರಹವನ್ನು ತಿದ್ದಬೇಡಿ. ಅದು ಹೀಗಿರಲಿ:

ಗೋಕಾಕಿನ ಗಣರಾಜ್ಯ ದಿನದ ಕವಾಯತಿನಲ್ಲಿ ನಿವೃತ್ತ ಸೈನಿಕರ ಬ್ಯಾಂಡಿನ ಮುಂದೆ ಡ್ರಮ್ ಮೇಜರ್ ಲಗಮಣ್ಣ. ಅವರು ದಂಡ ಎತ್ತಿದ್ದು ಈ ಚಿತ್ರ ತೆಗೆದ ವರದಿಗಾರ ಎತ್ತಿರಿ ಎಂದದ್ದಕ್ಕೆ. ಅವರ ಗಮನ ತಪ್ಪಿರಲಿಲ್ಲ.