ಬಸಣ್ಣನ ಗೇಜು

ಮೊನ್ನೆ ರಾಯಚೂರಿನ ಮನೆಯಲ್ಲಿ ತಂಗಿಯ ಮಗಳು ಕಂಪ್ಯೂಟರಿನ ಮುಂದೆ ಕೂತು, ನೀರಿನ ಮಟ್ಟ ಅಳೆಯುವ ಸೆನ್ಸರುಗಳಿಗೆ ಹೆಸರಿಡುತ್ತಿದ್ದಳು. "ಮೊದಲು ಊರು, ಆಮ್ಯಾಲ ಏನು ಅಳೀತದ ಅದು. ಮನುಷ್ಯಾರ ಹೆಸರು ಇಡಂಗಿಲ್ಲ ಮಾಮಾ, ನಿಯಮ ಅದ," ಎಂದಳು. ನಿಯಮವೆಂದರೆ ನನಗೆ ಭಯಭಕ್ತಿ. ಎಂಬತ್ತರ ದಶಕದಲ್ಲಿ ಮಾನ್ವಿಯ ಕಾಲುವೆ ಕಚೇರಿಯಲ್ಲಿ ಇಂಥದೊಂದು ನಿಯಮದ ಕೈಕೆಳಗೇ ಸಂಬಳ ತಿಂದವನು ನಾನು.

ಕಾಲುವೆಯ ಉದ್ದಕ್ಕೂ ಅಡಿ, ಅಂಗುಲ ಬರೆದ ಅಳತೆಪಟ್ಟಿಗಳಿದ್ದವು, ಗೇಜು ಎನ್ನುತ್ತಿದ್ದೆವು. ಪ್ರತಿ ಗೇಜಿಗೂ ಅದನ್ನು ನೋಡಿಕೊಳ್ಳುವವನ ಹೆಸರನ್ನೇ ಇಡಬೇಕೆಂದು ನಮ್ಮ ಸಾಹೇಬರು ಗೊತ್ತುಮಾಡಿದ್ದರು. ದಿನಾ ಮುಂಜಾನೆ ಕಾಲುವೆ ದಂಡೆಯ ಇಲಾಖೆ ಫೋನಿನಲ್ಲಿ ಮೊದಲು ಹೆಸರು, ಆಮೇಲೆ ನೀರು. ಹೆಸರಿಲ್ಲದ ವರದಿ ಬಂದೇ ಇಲ್ಲವೆಂದು ಲೆಕ್ಕ. ಹಾಗೆ ತಪ್ಪುತ್ತಾ ಹೋದರೆ ಕೆಲಸ ಬೇರೆಯವನಿಗೆ. ಇದನ್ನೆಲ್ಲ ಯೋಚಿಸುವಾಗ ಸಾಹೇಬರಿಗೆ ಗೇಜು ನೋಡುವವರ ಹೆಂಡಂದಿರ ನೆನಪಾಗಿರಲಿಲ್ಲ.

ಚೀಕಲಪರ್ವಿ ಕಡೆಯ ಗೇಜು ನೋಡುತ್ತಿದ್ದ ಬಸಣ್ಣ ಕಾಮಾಲೆಯಾಗಿ ರಾಯಚೂರಿನ ಆಸ್ಪತ್ರೆ ಸೇರಿದ. ಅವನ ಬದಲು ಹೆಂಡತಿ ಈರಮ್ಮ ಫೋನು ಮಾಡಿದಳು.

"ಯಾವ ಗೇಜವ್ವಾ?" ಎಂದೆ.

"ನಮ್ಮ ಮನೀಯವರದ್ರೀ."

"ಹೆಸರು ಹೇಳಬೇಕಾಗ್ತದ."

"ಗಂಡನ ಹೆಸರು ಹ್ಯಾಂಗ ಹೇಳ್ಲಿರೀ? ಅವರ ಆಯುಷ್ಯ ಕಮ್ಮಿ ಆಗ್ತದ."

ಹೆಸರಿಲ್ಲದೆ ಬರೆದುಕೊಳ್ಳುವಂತಿಲ್ಲ ಎಂದೆ. ಆಮೇಲೆ ಒಡಪು ಬಂತು. ನಿಮಗೂ ಗೊತ್ತಲ್ಲ, ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳುವುದು. ಹಾಗೆ ಹೇಳಿದರೆ ದೋಷವಿಲ್ಲ.

"ಬಿಸಿರೊಟ್ಟಿ ಮ್ಯಾಲ ಬೆಣ್ಣಿ ಇಡತೀನಿ, ಬಸಣ್ಣನೋರ ಹೆಸರ ನಿಮಗಷ್ಟ ಹೇಳತೀನಿ. ಮೂರಡಿ ನೀರದ್ರಿ."

ಸಾಹೇಬರು ಗಂಭೀರವಾಗಿ ವಿಚಾರ ಮಾಡಿದರು. "ನೀರಿಗಿಂತ ಹೆಸರು ಮೊದ್ಲು ಬಂತಲ್ಲ? ಬರ್ಕೋರಿ." ಅಂದಿನಿಂದ ದಿನಾ ಹೊಸ ಒಡಪು. ಇಡೀ ಕಚೇರಿ ಚಹಾ ಆರಲು ಬಿಟ್ಟು ಫೋನಿನ ಸುತ್ತ ನಿಲ್ಲುತ್ತಿತ್ತು. ನಾನು ಕರ್ತವ್ಯದ ಮೇಲೆ ನಿಲ್ಲುತ್ತಿದ್ದೆ.

ಮಳೆ ಹಿಡಿದಿದ್ದ ಒಂದು ಮುಂಜಾನೆ ಫೋನು ಎತ್ತಿದರೆ ಚೀರಾಟ. "ಬಸಣ್ಣ! ಬಸಣ್ಣನ ಗೇಜ್ರೀ! ನೀರು ದಂಡಿಗೆ ಬಂದದ, ಮ್ಯಾಲಿನ ಗೇಟು ಇಳಸ್ರಿ!"

ಗೇಟು ಇಳಿಸಿದರು. ಒಡ್ಡು ಉಳಿಯಿತು, ಕೆಳಗಿನ ಮನೆಗಳೂ ಉಳಿದವು. ಹೊಗಳಲೆಂದು ಸಾಹೇಬರೇ ಫೋನು ಹಚ್ಚಿದರೆ ಆ ಕಡೆ ಈರಮ್ಮ ಅಳುತ್ತಿದ್ದಳು.

"ಒಡಪು ಕಟ್ಟಾಕ ಹೊತ್ತಿರಲಿಲ್ರೀ, ಬರೇ ಹೆಸರು ಅಂದುಬಿಟ್ಟೆ. ದವಾಖಾನಿಗೆ ಕೇಳ್ರೀ ಯಪ್ಪಾ, ಅವರು ಅದಾರೇನು?"

ಯಾರೂ ನಗಲಿಲ್ಲ. ಸಾಹೇಬರು ರಾಯಚೂರಿಗೆ ಟ್ರಂಕ್ ಕಾಲ್ ಹಾಕಿಸಿ ಕುರ್ಚಿಯ ತುದಿಯಲ್ಲಿ ಕೂತರು. ಬಸಣ್ಣ ಗಂಜಿ ಕುಡಿಯುತ್ತಿದ್ದಾನೆಂದು ತಿಳಿದಾಗ ಮಧ್ಯಾಹ್ನವಾಗಿತ್ತು. ಅಲ್ಲಿಯವರೆಗೆ ಅವಳು ಫೋನು ಬಿಟ್ಟು ಕದಲಿರಲಿಲ್ಲ.

"ಛಲೋ ನಿಯಮ ಅದ," ಎಂದೆ ತಂಗಿಯ ಮಗಳಿಗೆ. "ಅವಸರಕ್ಕ ಯಾರು ಬೇಕಾದ್ರೂ ಕೂಗೂವಂಥ ಹೆಸರು ಇಡು."

"ಕಂಪ್ಯೂಟರಿಗೆ ಯಾವ ಹೆಸರಾದ್ರೇನು ಮಾಮಾ?"

ನಿಜ. ಅದರ ಮನೆಯವರು ಯಾರೂ ದವಾಖಾನೆಯಲ್ಲಿ ಇರುವುದಿಲ್ಲ.