ಎಣ್ಣೆ ಕಂಪನಿಗೆ ಅಕ್ಕ ಕಟ್ಟಿದ ಬೆಲೆ

ಒಗ್ಗರಣೆಗೆ ಹಾಕುವ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ, ಇವೆರಡನ್ನು ಬಿಟ್ಟರೆ ಎಣ್ಣೆಯ ವಿಷಯದಲ್ಲಿ ನಾನು ಶುದ್ಧ ದಡ್ಡ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ನಿವೃತ್ತಿಯಾದಾಗ ಕೈಗೆ ಬಂದ ಗಂಟಿನಲ್ಲಿ ಅರ್ಧವನ್ನು ಒಂದು ಕಚ್ಚಾ ಎಣ್ಣೆ ಕಂಪನಿಯ ಷೇರಿಗೆ ಹಾಕಲು ಹೊರಟೆ. ನಂಜನಗೂಡಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಾಫಿಗೆ ಸೇರುವ ನಮ್ಮ ಗುಂಪಿನಲ್ಲಿ ಷೇರು ತಿಳಿಯದವನಿಗೆ ಮರ್ಯಾದೆಯಿಲ್ಲ. ನನಗೋ ಮರ್ಯಾದೆಯ ಚಪಲ ಸ್ವಲ್ಪ ಹೆಚ್ಚು.

ಕಂಪನಿ ಸಣ್ಣದು. ಸಮುದ್ರದ ಗೊಡವೆಗೆ ಹೋಗದೆ ನೆಲದಲ್ಲೇ ಬಾವಿ ಕೊರೆದು ಎಣ್ಣೆ, ಗ್ಯಾಸು ತೆಗೆದು ಮಾರುತ್ತದೆ. ಸ್ವಂತ ರಿಫೈನರಿ ಇಲ್ಲ, ಪೆಟ್ರೋಲ್ ಬಂಕೂ ಇಲ್ಲ. ಅದರ ವಾರ್ಷಿಕ ವರದಿಯನ್ನು ಪ್ರಿಂಟ್ ಹಾಕಿಸಿ, ಬಾವಿಗಳು ಮೊದಲ ವರ್ಷ ಕೊಟ್ಟ ಎಣ್ಣೆಯನ್ನು, ಇಪ್ಪತ್ತು ವರ್ಷ ಬರುತ್ತದೆಂದು, ಇಪ್ಪತ್ತರಿಂದ ಗುಣಿಸಿ, ಷೇರು ಬಲು ಅಗ್ಗ ಎಂದು ತೀರ್ಮಾನಿಸಿದೆ. ಬ್ಯಾಂಕಿನಲ್ಲಿ ತಲೆ ನರೆಸಿಕೊಂಡವನಿಗೆ ಗುಣಾಕಾರವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಪಾಂಡಿತ್ಯವನ್ನು ಹೊತ್ತು ಸೋಸಲೆಗೆ, ಅಕ್ಕನ ಮನೆಗೆ ಹೋದೆ. ಅಕ್ಕ ಆಲೆಮನೆ ನಡೆಸುತ್ತಾಳೆ. ಬೆಲ್ಲ ಮಾಡಲು ರೈತರ ಗದ್ದೆಯಲ್ಲಿ ನಿಂತ ಕಬ್ಬನ್ನೇ ಬೆಲೆ ಕಟ್ಟಿ ಕೊಳ್ಳುತ್ತಾಳೆ. ಆದರೆ ರಸ್ತೆಯಲ್ಲಿ ನಿಂತು ಎಂದೂ ಬೆಲೆ ಹೇಳಿದವಳಲ್ಲ. ಬದಿಯ ಕಬ್ಬಿಗೆ ಗಾಳಿ ಬೆಳಕು ಧಾರಾಳ, ಅದು ಯಾವಾಗಲೂ ದಪ್ಪಗೇ ಇರುತ್ತದೆ. ಇವಳು ಸೆರಗು ಬಿಗಿದು, ಗರಿ ಮೈಕೈ ಗೀರಿದರೂ ಲೆಕ್ಕಿಸದೆ ಗದ್ದೆಯ ನಡುವಿಗೆ ನುಗ್ಗಿ, ಅಲ್ಲಿಯ ಒಂದು ಜಲ್ಲೆ ಮುರಿದು ಅಗಿದು ನೋಡಿ, ಇಷ್ಟು ಕೊಪ್ಪರಿಗೆ ಬೆಲ್ಲವಾಗುತ್ತದೆ ಎನ್ನುತ್ತಾಳೆ. ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಅವಳಿಗೆ ವರದಿಯ ಬಣ್ಣದ ಚಿತ್ರಗಳನ್ನು ತೋರಿಸಿ, ಮಗುವಿಗೆ ಹೇಳುವಂತೆ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಬಾವಿ ವರ್ಷ ವರ್ಷವೂ ಅಷ್ಟೇ ಕೊಡುತ್ತದೆಯೇ ಎಂದು ಕೇಳಿದಳು. ಇಲ್ಲ, ಕಡಿಮೆಯಾಗುತ್ತಾ ಹೋಗುತ್ತದೆ ಎಂದೆ.

"ಅಂಗಾದ್ರೆ ಅದು ಕೂಳೆ ಕಬ್ಬಿನಂಗೆ ಕಣೋ. ಮೊದಲ್ನೇ ಬೆಳೆ ನೋಡಿ ಮೂರ್ನೇ ಕೂಳೆಗೆ ಯಾರಾದ್ರೂ ಕಾಸು ಕೊಟ್ಟಾರಾ?"

ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕಬ್ಬು ಕೂಳೆ. ಸಲದಿಂದ ಸಲಕ್ಕೆ ಅದರ ಇಳುವರಿ ಇಳಿಯುತ್ತದೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಎಣ್ಣೆಗೆ ಅನ್ವಯಿಸಲು ಮಾತ್ರ ಹೊಳೆಯಲಿಲ್ಲ. ಅಷ್ಟಕ್ಕೇ ಬಿಡದೆ, ಎಣ್ಣೆ ಮುಗಿದ ಮೇಲೆ ಬಾವಿ ಮುಚ್ಚಿ ನೆಲ ಹಸನು ಮಾಡಿ ಬಿಟ್ಟುಕೊಡುವ ಖರ್ಚು ಯಾರದು ಎಂದಳು. ನಾನು ಬಣ್ಣದ ಚಿತ್ರಗಳ ಪುಟಗಳಲ್ಲೇ ಅದನ್ನು ಹುಡುಕತೊಡಗಿದೆ.

"ನೀನಿನ್ನೂ ರಸ್ತೇಲೇ ನಿಂತಿದ್ದೀಯ. ನಡೂಕ್ಕೋಗಿ ನೋಡ್ಕೊಂಡು ಬಾ," ಎಂದಳು.

ಮನೆಗೆ ಬಂದು ವರದಿಯ ಹಿಂಭಾಗದ ಸಣ್ಣಕ್ಷರದ ಪುಟಗಳಿಗೆ ನುಗ್ಗಿದೆ. ಬಾವಿ ಮುಚ್ಚುವ ಖರ್ಚು ಅಲ್ಲಿ ತಣ್ಣಗೆ ಕೂತಿತ್ತು, ಪಕ್ಕದಲ್ಲೇ ಸಾಲವೂ ಇತ್ತು. ಇಳಿಯುವ ಇಳುವರಿ ಹಿಡಿದು, ಎಣ್ಣೆ ಎತ್ತುವ ಖರ್ಚನ್ನೂ ಇವೆರಡನ್ನೂ ಕಳೆದರೆ, ಷೇರಿಗೆ ನಾನು ಕೊಡಬಹುದಾದ ಬೆಲೆ ಪೇಟೆಯಲ್ಲಿದ್ದುದರ ಅರ್ಧಕ್ಕೆ ಬಂದು ನಿಂತಿತು. ಕೊಳ್ಳಲಿಲ್ಲ. ಮರುವಾರವೇ ಷೇರು ಏರಿತು. ಕಾಫಿ ಗುಂಪು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿತು. ಹೊಟ್ಟೆಯುರಿ ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ.

"ಷೇರು ಏರಿದ್ರೆ ನೆಲದೊಳ್ಗಿರೋ ಎಣ್ಣೆನೂ ಏರ್ತದಾ?" ಎಂದು ಕೇಳಿ, ಕೊಪ್ಪರಿಗೆ ಕುದಿಯುತ್ತಿದೆ ಎಂದು ಫೋನ್ ಇಟ್ಟಳು.

ಮಾರನೆಯ ದಿನ ಗುಂಪಿನಲ್ಲಿ ಒಬ್ಬರು, ಯಾವ ಪಂಡಿತರ ಮಾತು ಕೇಳಿ ಷೇರು ಬಿಟ್ಟಿರಿ ಎಂದು ಕೆಣಕಿದರು. ಈಗ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಬ್ಯಾಂಕಿನಲ್ಲಿದ್ದಷ್ಟು ಕಾಲವೂ, ಅಕ್ಕ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ "ಊರಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಅಂದು ಲೋಟ ಕೆಳಗಿಟ್ಟು, ಪಕ್ಕದ ಮೇಜಿಗೂ ಕೇಳಿಸುವಂತೆ ಹೇಳಿದೆ.

"ನಮ್ಮಕ್ಕನ್ನ ಕೇಳ್ದೆ ಕಣ್ರೀ. ಸೋಸಲೇಲಿ ಆಲೆಮನೆ ನಡೆಸ್ತಾಳೆ."

ಎಲ್ಲರೂ ನಕ್ಕರು. ನಗಲಿ ಬಿಡಿ, ಪಾಪ, ಅವರಿಗೆಲ್ಲ ಇಂಥ ಅಕ್ಕ ಎಲ್ಲಿಂದ ಬರಬೇಕು!